ವ್ಯಾಟ್ ಎಷ್ಟು, ತೂಕ ಎಷ್ಟು, ಕಾಯುವ ಹೊತ್ತು ಎಷ್ಟು

ಲ್ಯಾಪ್‌ಟಾಪ್ ಕೊಳ್ಳುವಾಗ ಹಗುರವಾದದ್ದೋ, ಹೆಚ್ಚು ಶಕ್ತಿಯ ಭಾರಿಯದೋ ಎಂಬ ಪ್ರಶ್ನೆ ಬರುತ್ತದೆ. ಎರಡು ಲ್ಯಾಪ್‌ಟಾಪ್ ಎದುರಿಗಿವೆ ಅಂದುಕೊಳ್ಳಿ. ಹಗುರವಾದ ಒಂದರಲ್ಲಿ ಇಂಟೆಲ್‌ನ ಐ7-1255ಯು ಪ್ರೊಸೆಸರ್, ಭಾರಿಯಾದ ಇನ್ನೊಂದರಲ್ಲಿ ಐ5-12500ಎಚ್. ಐ7 ಎಂಬ ಹೆಸರು ನೋಡಿ ಮೊದಲನೆಯದೇ ಗಟ್ಟಿ ಅಂದುಕೊಳ್ಳುವವರು ಬಹಳ. ಆದರೆ ಅದರಲ್ಲಿರುವುದು 2 ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ), 8 ಸಣ್ಣ ಕೋರ್. ಐ5ರಲ್ಲಿ 4 ದೊಡ್ಡವು, 8 ಸಣ್ಣವು. ಅದಕ್ಕಿಂತ ಮುಖ್ಯವಾದದ್ದು ಹೆಸರಿನ ಕೊನೆಯ ಅಕ್ಷರ. ಇಂಟೆಲ್‌ನ ಆ ತಲೆಮಾರಿನಲ್ಲಿ ಯು ಅಂದರೆ ಸಾಮಾನ್ಯವಾಗಿ 15 ವ್ಯಾಟ್, ಪಿ ಅಂದರೆ 28, ಎಚ್ ಅಂದರೆ 45, ಎಚ್‌ಎಕ್ಸ್ ಅಂದರೆ 55. ಚಿಪ್ ಬಿಡುವಿಲ್ಲದೆ ದುಡಿಯುವಾಗ ಎಷ್ಟು ವಿದ್ಯುತ್ ಎಳೆಯಬಹುದು ಎಂಬುದಕ್ಕೆ ಇಟ್ಟಿರುವ ಮೂಲ ಮಿತಿ ಅದು. ಲ್ಯಾಪ್‌ಟಾಪ್ ತಯಾರಕರು ಅದನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು; ಆದರೆ ತೆಳುವಾದ ಮೈಯೊಳಗೆ 45 ವ್ಯಾಟ್ ಶಾಖವನ್ನು ಹೊರಹಾಕುವುದು ಸುಲಭವಲ್ಲ.

ಮಿತಿ 15 ವ್ಯಾಟ್ ಅಂದಮಾತ್ರಕ್ಕೆ ಚಿಪ್ ಯಾವಾಗಲೂ ಅಷ್ಟಕ್ಕೇ ನಿಲ್ಲುವುದಿಲ್ಲ. 1255ಯು ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೂ ಹೋಗಬಲ್ಲದು. ಈ ಟರ್ಬೊ ಅವಧಿ ಕೆಲವು ಸೆಕೆಂಡಿನಿಂದ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಬ್ರೌಸರ್ ತೆರೆಯುವುದು, ದೊಡ್ಡ ಎಕ್ಸೆಲ್ ಶೀಟ್ ಲೆಕ್ಕ ಹಾಕುವುದು, ಒಂದು ಫೋಟೊ ಎಕ್ಸ್‌ಪೋರ್ಟ್ ಮಾಡುವುದು ಎಲ್ಲವೂ ಆ ಅವಧಿಯೊಳಗೇ ಮುಗಿದುಹೋಗುತ್ತವೆ. ಹಾಗಾಗಿ ಅಂಗಡಿಯಲ್ಲಿ ಐದು ನಿಮಿಷ ಕೈಯಾಡಿಸಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಚುರುಕು ಎರಡಕ್ಕೂ ಇದೆ. ಬಿಡುವಿಲ್ಲದೆ ದುಡಿಯುವ ತ್ರಾಣ ಇರುವುದು ಎಚ್ ಚಿಪ್‌ನದಕ್ಕೆ ಮಾತ್ರ. ಹೆಚ್ಚುವರಿ ದುಡ್ಡು, ಹೆಚ್ಚುವರಿ ತೂಕ ಎರಡೂ ಹೋಗುವುದು ಈ ತ್ರಾಣಕ್ಕೆ. ಅದು ನಿಮಗೆ ಬೇಕೇ ಎಂಬುದನ್ನು ಅಂದಾಜಿನ ಮೇಲೆ ಬಿಡಬೇಡಿ, ಅಳೆದು ನೋಡಿ.

ಅಳೆಯುವುದಕ್ಕೆ ಈಗಿರುವ ಕಂಪ್ಯೂಟರ್ ಸಾಕು. ಒಂದು ವಾರ, ಅದು ನಿಮ್ಮನ್ನು ಕಾಯಿಸಿದಾಗಲೆಲ್ಲ ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂದು ಬರೆದಿಡಿ. ಜೊತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಆ ಕ್ಷಣದಲ್ಲಿ ಏನು ತುಂಬಿದೆ ನೋಡಿ. ಸಿಪಿಯು 100 ಶೇಕಡಾಕ್ಕೆ ಹೋಗಿ ನಿಮಿಷಗಟ್ಟಲೆ ಅಲ್ಲೇ ನಿಂತರೆ ತ್ರಾಣದ ಕೊರತೆ ನಿಜ. ಮೆಮೊರಿ 85-90 ದಾಟಿ, ಡಿಸ್ಕ್ ಕೂಡ ಓಡುತ್ತಿದ್ದರೆ ಕೊರತೆ ಇರುವುದು ರ್‍ಯಾಮ್‌ನಲ್ಲಿ. ಎಂಥ ಪ್ರೊಸೆಸರ್ ತಂದರೂ ಅದು ಹೋಗುವುದಿಲ್ಲ. ಸಿಪಿಯು ಒಟ್ಟಾರೆ 15-20 ಶೇಕಡಾ ಮಾತ್ರ ತೋರಿಸುತ್ತಾ ಪ್ರೋಗ್ರಾಂ ತಡವರಿಸುತ್ತಿದ್ದರೆ ಅದು ಒಂದೇ ಕೋರ್ ಮೇಲೆ ನಡೆಯುವ ಕೆಲಸವಾಗಿರಬಹುದು. ನಕ್ಷೆ ಬಿಡಿಸುವ ಆಟೋಕ್ಯಾಡ್‌ನ ಬಹುಪಾಲು ಕೆಲಸ ಹಾಗೆಯೇ. ಒಂದು ಕೋರ್‌ನ ವೇಗದಲ್ಲಿ ಹೊಸ ತಲೆಮಾರಿನ ಹಗುರ ಲ್ಯಾಪ್‌ಟಾಪ್, ಎರಡು ತಲೆಮಾರು ಹಳೆಯ ಭಾರಿ ಯಂತ್ರವನ್ನು ಹಿಂದೆ ಹಾಕಬಲ್ಲದು.

ಬರೆದಿಟ್ಟ ಪಟ್ಟಿಯನ್ನು ಎರಡಾಗಿ ಒಡೆಯಿರಿ. ಬಿಟ್ಟು ಎದ್ದುಹೋಗಬಹುದಾದ ಕಾಯುವಿಕೆ ಒಂದು: ರಾತ್ರಿ ರೆಂಡರ್‌ಗೆ ಇಟ್ಟು ಮಲಗುವುದು, ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ ಊಟಕ್ಕೆ ಹೋಗುವುದು. ಅದು 40 ನಿಮಿಷದ ಬದಲು 70 ನಿಮಿಷ ತೆಗೆದುಕೊಂಡರೆ ನಷ್ಟ ಕಡಿಮೆ. ಇನ್ನೊಂದು, ಕೈ ಕಟ್ಟಿ ಕೂರಿಸುವ ಕಾಯುವಿಕೆ: ಟೈಮ್‌ಲೈನ್ ಎಳೆದರೆ ವಿಡಿಯೊ ತಡೆದು ತಡೆದು ಬರುವುದು, ತ್ರೀಡಿ ಮಾದರಿ ತಿರುಗಿಸಿದರೆ ಅರ್ಧ ಸೆಕೆಂಡ್ ತಡವಾಗಿ ತಿರುಗುವುದು, ಕೋಡ್‌ನ ಒಂದು ಸಾಲು ಬದಲಿಸಿ ಮೂರು ನಿಮಿಷ ಕಂಪೈಲ್‌ಗೆ ಕಾಯುವುದು, ಅದೂ ದಿನಕ್ಕೆ 30 ಸಲ. ಶಕ್ತಿಗೆ ದುಡ್ಡು ಸುರಿಯಬೇಕಾದದ್ದು ಈ ಎರಡನೆಯದಕ್ಕೆ. ಪಟ್ಟಿಯಲ್ಲಿ ಅಂಥದ್ದು ಇಲ್ಲವೇ ಇಲ್ಲವಾದರೆ ಹಗುರವಾದದ್ದನ್ನೇ ಕೊಳ್ಳಿ, ಇದರಲ್ಲಿ ನನಗೆ ಅನುಮಾನವಿಲ್ಲ.

ಗ್ರಾಫಿಕ್ಸ್ ಚಿಪ್‌ನ ಹೆಸರಂತೂ ಪ್ರೊಸೆಸರ್‌ಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಲ್ಯಾಪ್‌ಟಾಪ್‌ಗೆ ಬರುವ ಆರ್‌ಟಿಎಕ್ಸ್ 4060ಕ್ಕೆ ಎನ್ವಿಡಿಯಾ ಕೊಟ್ಟಿರುವ ವಿದ್ಯುತ್ ವ್ಯಾಪ್ತಿ 35ರಿಂದ 115 ವ್ಯಾಟ್. 35ರದ್ದಕ್ಕೂ 115ರದ್ದಕ್ಕೂ ಡಬ್ಬದ ಮೇಲೆ ಒಂದೇ ಹೆಸರು. ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ 4070, ಪೂರ್ತಿ ವ್ಯಾಟ್ ಸಿಕ್ಕ 4060ಗಿಂತ ಹಿಂದೆ ಬೀಳಬಹುದು. ಮಾದರಿಯ ವಿವರಪಟ್ಟಿಯಲ್ಲಿ ಟಿಜಿಪಿ (ಗ್ರಾಫಿಕ್ಸ್‌ಗೆ ಸಿಗುವ ವ್ಯಾಟ್) ಎಂದು ಹುಡುಕಿ; ಆ ಅಂಕಿ ಎಲ್ಲೂ ಬರೆದಿಲ್ಲದ ಲ್ಯಾಪ್‌ಟಾಪ್‌ಗೆ ಗ್ರಾಫಿಕ್ಸ್‌ನ ಹೆಸರು ನಂಬಿ ಹೆಚ್ಚು ಕೊಡಬೇಡಿ. ಇನ್ನೊಂದು, ಗ್ರಾಫಿಕ್ಸ್ ಚಿಪ್‌ನ ಸ್ವಂತ ಮೆಮೊರಿಯನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಲ್ಯಾಪ್‌ಟಾಪ್‌ನ 4060, 4070 ಎರಡರಲ್ಲೂ 8 ಜಿಬಿ. ಮನೆಯ ಯಂತ್ರದಲ್ಲೇ ಭಾಷಾ ಮಾದರಿ ಓಡಿಸುವ ಆಸೆ ಇದ್ದರೆ ಲೆಕ್ಕ ಸರಳ: 700 ಕೋಟಿ ಪ್ಯಾರಾಮೀಟರ್‌ಗಳ (ಮಾದರಿ ಕಲಿತಿಟ್ಟ ಅಂಕಿಗಳ) ಮಾದರಿಯಲ್ಲಿ ಒಂದೊಂದು ಅಂಕಿಯನ್ನೂ 4 ಬಿಟ್‌ಗೆ ಇಳಿಸಿದರೆ ಅವೇ 3.5 ಜಿಬಿ, ಮೇಲಿನ ಖರ್ಚು ಸೇರಿ 4-5 ಜಿಬಿ. 1300 ಕೋಟಿಯದಾದರೆ 8 ಜಿಬಿ ಇಕ್ಕಟ್ಟಾಗುತ್ತದೆ. ಮೆಮೊರಿ ಮೀರಿ ರ್‍ಯಾಮ್‌ಗೆ ಚೆಲ್ಲಿದ ಕ್ಷಣದಿಂದ ವೇಗ ಪಾತಾಳಕ್ಕೆ.

ವಿಡಿಯೊ ಎಡಿಟ್ ಮಾಡುವವರು ಗಮನಿಸಬೇಕಾದ ಒಂದು ವಿಚಿತ್ರವಿದೆ. ಈಗಿನ ಹಲವು ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2 ಮಾದರಿಯ ಎಚ್.265 ವಿಡಿಯೊ ಫೈಲ್ ಕೊಡುತ್ತವೆ. ಇದನ್ನು ಬಿಡಿಸುವ ಯಂತ್ರಾಂಶ ಇಂಟೆಲ್ ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ 11ನೇ ತಲೆಮಾರಿನ ಹೊತ್ತಿಗೇ ಇತ್ತು. ಎನ್ವಿಡಿಯಾದಲ್ಲಿ ಅದು ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಎಎಂಡಿ ಪ್ರೊಸೆಸರ್ ಜೊತೆ ಆರ್‌ಟಿಎಕ್ಸ್ 40 ಇರುವ ಭಾರಿ ಲ್ಯಾಪ್‌ಟಾಪ್‌ನಲ್ಲಿ ಈ ಫೈಲ್ ಮುಗ್ಗರಿಸಿ, ಅರ್ಧ ತೂಕದ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುವುದು ಇದಕ್ಕೇ. ಆಪಲ್‌ನ ಎಂ ಸರಣಿಯ ಚಿಪ್‌ಗಳಲ್ಲೂ ಈ ಫೈಲ್ ಸರಾಗ. ಪ್ರಾಕ್ಸಿ (ಮೂಲ ವಿಡಿಯೊದ ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡುವ ಅಭ್ಯಾಸವಿದ್ದರೆ ಯಾವುದಾದರೂ ನಡೆದೀತು. ಆದರೆ ಬಣ್ಣ ತಿದ್ದುವುದು, ನಾಯ್ಸ್ ತೆಗೆಯುವುದು ಶುರುವಾದರೆ ಮತ್ತೆ ಗ್ರಾಫಿಕ್ಸ್ ಬೇಕು.

ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ತ್ರಾಣದ ಪ್ರಶ್ನೆಗೆ ಒಳ್ಳೆಯ ಉದಾಹರಣೆ. 2020ರ ಎಂ1ನಿಂದ ಈಚೆಗೆ ಏರ್‌ನಲ್ಲಿ ಫ್ಯಾನ್ ಇಲ್ಲ. ಅದೇ ಎಂ1 ಇದ್ದ 13 ಇಂಚಿನ ಪ್ರೊನಲ್ಲಿ ಇತ್ತು. ಮೊದಲ ಕೆಲವು ನಿಮಿಷ ಎರಡರ ವೇಗವೂ ಒಂದೇ. ಆಮೇಲೆ ಏರ್ ಬಿಸಿಯೇರಿ ನಿಧಾನವಾಗುತ್ತದೆ, ಪ್ರೊ ಹಾಗೇ ಮುಂದುವರಿಯುತ್ತದೆ.

ಇನ್ನು ಬ್ಯಾಟರಿ. ಇಲ್ಲಿ ಬರೀ ಭಾಗಾಕಾರ. ಹಗುರ ಲ್ಯಾಪ್‌ಟಾಪ್‌ನಲ್ಲಿ 54 ವ್ಯಾಟ್ ಅವರ್ ಬ್ಯಾಟರಿ ಇದ್ದು, ಬರವಣಿಗೆ, ಬ್ರೌಸಿಂಗ್‌ಗೆ ಸರಾಸರಿ 6 ವ್ಯಾಟ್ ಎಳೆದರೆ 9 ಗಂಟೆ. ಭಾರಿಯದರಲ್ಲಿ 90 ವ್ಯಾಟ್ ಅವರ್ ಇದ್ದರೂ ಅದೇ ಕೆಲಸಕ್ಕೆ 18 ವ್ಯಾಟ್ ಎಳೆದರೆ 5 ಗಂಟೆ. ದೊಡ್ಡ ಬ್ಯಾಟರಿ ಹಾಕಿ ಇದನ್ನು ಸರಿಮಾಡಲು ಆಗದು. 100 ವ್ಯಾಟ್ ಅವರ್ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಹಾಗಾಗಿ ತಯಾರಕರು 99ಕ್ಕೇ ನಿಲ್ಲುತ್ತಾರೆ. ಅದಕ್ಕೂ ದೊಡ್ಡ ಮಾತು: ಚಾರ್ಜರ್ ಕಳಚಿದ ಮೇಲೆ ಭಾರಿ ಲ್ಯಾಪ್‌ಟಾಪ್ ಭಾರಿಯಾಗಿ ಉಳಿಯುವುದು ತೂಕದಲ್ಲಿ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಸೇರಿ ಕೇಳುವ 150 ವ್ಯಾಟ್ ಚಿಲ್ಲರೆಯನ್ನು ಬ್ಯಾಟರಿ ಸುರಕ್ಷಿತವಾಗಿ ಕೊಡಲಾರದು. ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಓಡಾಡುತ್ತಾ ಪ್ಲಗ್ ಇಲ್ಲದ ಕಡೆ ಭಾರಿ ಕೆಲಸ ಮಾಡುತ್ತೇನೆ ಎಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡರೆ, ಕೊಂಡ ಶಕ್ತಿ ಬೇಕಾದ ಜಾಗದಲ್ಲಿ ಸಿಗುವುದಿಲ್ಲ.

ತೂಕ ನೋಡುವಾಗ ಚಾರ್ಜರ್ ಸೇರಿಸಿಯೇ ನೋಡಿ. 2.4 ಕಿಲೋ ಲ್ಯಾಪ್‌ಟಾಪ್‌ಗೆ 230 ವ್ಯಾಟ್‌ನ ಇಟ್ಟಿಗೆಯಂಥ ಚಾರ್ಜರ್ ಮುಕ್ಕಾಲು ಕಿಲೋಗಿಂತ ಹೆಚ್ಚು ಸೇರಿಸುತ್ತದೆ, ಒಟ್ಟು 3 ಕಿಲೋ ದಾಟಿತು. 1.3 ಕಿಲೋದ್ದಕ್ಕೆ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಸಾಕು, ಫೋನಿಗೂ ಅದೇ. ಕೆಲವು ಭಾರಿ ಲ್ಯಾಪ್‌ಟಾಪ್‌ಗಳು ಟೈಪ್-ಸಿಯಲ್ಲಿ 100 ವ್ಯಾಟ್ ತೆಗೆದುಕೊಳ್ಳುತ್ತವೆ. ಅಂಥದ್ದಾದರೆ ಪ್ರಯಾಣಕ್ಕೆ ಸಣ್ಣ ಚಾರ್ಜರ್ ಒಯ್ಯಬಹುದು. ಆಟಕ್ಕೋ ರೆಂಡರ್‌ಗೋ ಕೂತರೆ ಮಾತ್ರ ಪ್ಲಗ್ ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ.

ಅಗ್ಗದ ಹಗುರ ಲ್ಯಾಪ್‌ಟಾಪ್‌ನಲ್ಲಿ ಕೈ ಸುಡುವುದು ಬೇರೆ ಕಡೆ. ಮೆಮೊರಿಯ ಬಗೆ ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ರ್‍ಯಾಮ್ ಬಹುತೇಕ ಬೋರ್ಡಿಗೇ ಬೆಸೆದಿರುತ್ತದೆ, ಕೊಂಡಷ್ಟೇ ಕೊನೆತನಕ. ಬೆಸೆದ 8 ಜಿಬಿ ಬೇಡವೇ ಬೇಡ. ಒಳಗಿನ ಗ್ರಾಫಿಕ್ಸ್ ಕೂಡ ಅದರಿಂದಲೇ ಪಾಲು ತೆಗೆದುಕೊಳ್ಳುತ್ತದೆ. 16 ಇರಲಿ. ಆಂಡ್ರಾಯ್ಡ್ ಎಮ್ಯುಲೇಟರ್, ಡಾಕರ್, ವರ್ಚುವಲ್ ಯಂತ್ರ ಒಟ್ಟಿಗೆ ಓಡಿಸುವವರಿಗೆ 32. ಕಳಚಬಹುದಾದ ರ್‍ಯಾಮ್ ಆದರೆ ಎರಡೂ ಸ್ಲಾಟ್ ತುಂಬಿಸಿ. ಒಂದೇ ಕಡ್ಡಿ ಇದ್ದರೆ ಮೆಮೊರಿಯ ಹಾದಿ ಅರ್ಧಕ್ಕಿಳಿದು ಒಳಗಿನ ಗ್ರಾಫಿಕ್ಸ್ ಸೊರಗುತ್ತದೆ. ಎಸ್‌ಎಸ್‌ಡಿ ಚಿಕ್ಕದಾದರೆ ಅಷ್ಟು ಚಿಂತೆಯಿಲ್ಲ, ಎಂ.2 ಸ್ಲಾಟ್ ಇದ್ದರೆ ಬದಲಿಸಬಹುದು. ಅಳತೆ ಮಾತ್ರ ನೋಡಿಕೊಳ್ಳಿ: 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ತೆಳು ಲ್ಯಾಪ್‌ಟಾಪ್‌ಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸಬಹುದು. ಎಸ್‌ಎಸ್‌ಡಿ ಬದಲು ಇಎಂಎಂಸಿ ಎಂಬ ಅಗ್ಗದ ಸಂಗ್ರಹ ಎಂದಿದ್ದರೆ ಅಲ್ಲಿಗೇ ಕೈಬಿಡಿ; ಅದು ನಿಧಾನ, ಸಾಮಾನ್ಯವಾಗಿ ಬೆಸೆದಿರುತ್ತದೆ.

ಪರದೆಯ ಬಗ್ಗೆ ವಿವರಪಟ್ಟಿಯಲ್ಲಿ 45 ಶೇಕಡಾ ಎನ್‌ಟಿಎಸ್‌ಸಿ (ಪರದೆ ತೋರಿಸಬಲ್ಲ ಬಣ್ಣಗಳ ಒಂದು ಅಳತೆ) ಎಂದಿದ್ದರೆ ಅದು ವೆಬ್, ಫೋಟೊಗಳ ಸಾಮಾನ್ಯ ಬಣ್ಣ ವ್ಯಾಪ್ತಿಯಾದ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದಷ್ಟೂ ಇರಲಾರದು. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಚರ್ಮದ ಬಣ್ಣ ಪೇಲವ. ಫೋಟೊ, ವಿನ್ಯಾಸದ ಕೆಲಸಕ್ಕೆ ಅದು ಆಗದು. ಬೆಳಕು 250 ನಿಟ್ಸ್ ಇದ್ದರೆ ಕಿಟಕಿ ಪಕ್ಕ ಕೂತಾಗ ಕಣ್ಣು ಕಿರಿದು ಮಾಡಿಕೊಂಡೇ ಕೆಲಸ. 300 ಕನಿಷ್ಠ, 400 ನೆಮ್ಮದಿ. ದಿನಕ್ಕೆ ಎಂಟು ಗಂಟೆ ನೋಡುವ ವಸ್ತುವಿನಲ್ಲಿ ಉಳಿತಾಯ ಮಾಡಿ, ವಾರಕ್ಕೊಮ್ಮೆ ಬಳಸುವ ಗ್ರಾಫಿಕ್ಸ್‌ಗೆ ಸುರಿಯುವುದು ನನಗೆ ಒಪ್ಪಿಗೆಯಾಗದ ಲೆಕ್ಕ.

ಭಾರಿ ಕೆಲಸವೂ ಇದೆ, ಓಡಾಟವೂ ಇದೆ, ಆದರೆ ಎರಡೂ ಒಟ್ಟಿಗೆ ಬರುವುದಿಲ್ಲ ಎನ್ನುವವರಿಗೆ ಮನೆಯಲ್ಲೊಂದು ಡೆಸ್ಕ್‌ಟಾಪ್, ಕೈಯಲ್ಲೊಂದು ಹಗುರ ಲ್ಯಾಪ್‌ಟಾಪ್ ಎಂಬ ದಾರಿ ಇದೆ. ದೂರದಿಂದ ಡೆಸ್ಕ್‌ಟಾಪ್ ಬಳಸಬಹುದು. ವಿಂಡೋಸ್ ಹೋಮ್ ಇದ್ದರೆ ಅದರದೇ ರಿಮೋಟ್ ಡೆಸ್ಕ್‌ಟಾಪ್‌ಗೆ ಆ ಯಂತ್ರ ಬಾಗಿಲು ತೆರೆಯುವುದಿಲ್ಲ, ಪ್ರೊ ಬೇಕು. ಇಲ್ಲವೇ ಬೇರೆ ತಂತ್ರಾಂಶ. ಡೆಸ್ಕ್‌ಟಾಪ್ ಅನ್ನು ವೈಫೈ ಬದಲು ಕೇಬಲ್‌ಗೆ ಕಟ್ಟಿ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಹಾಕಿಡಿ. ಇದನ್ನು ಮರೆತರೆ ನೀವು ದೂರದಲ್ಲಿದ್ದಾಗಲೇ ಯಂತ್ರ ಆರಿ ಕೂತಿರುತ್ತದೆ.

ಭಾರಿಯದೇ ಬೇಕೆಂದು ತೀರ್ಮಾನಿಸಿದವರು ಬ್ಯಾಟರಿಯಲ್ಲಿರುವಾಗ ಗ್ರಾಫಿಕ್ಸ್ ಹೈಬ್ರಿಡ್ ಮೋಡ್‌ನಲ್ಲಿದೆಯೇ, ಅಂದರೆ ಬೇಡದಾಗ ದೊಡ್ಡ ಗ್ರಾಫಿಕ್ಸ್ ಚಿಪ್ ಮಲಗಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುತ್ತದೆಯೇ ನೋಡಿ. ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರ ದೊಡ್ಡ ಗ್ರಾಫಿಕ್ಸ್‌ಗೆ ಸೇರಿರುತ್ತದೆ; ಹೊರಗಿನ ಮಾನಿಟರ್ ಅಥವಾ ಪ್ರೊಜೆಕ್ಟರ್ ಸಿಕ್ಕಿಸಿದ ತಕ್ಷಣ ಆ ಚಿಪ್ ಎಚ್ಚರಗೊಂಡು ಬ್ಯಾಟರಿ ಕುಡಿಯುತ್ತದೆ. ಫ್ಯಾನ್ ಸದ್ದು ಸಹಿಸಲಾಗದ ಕಡೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕಿಯ ವ್ಯತ್ಯಾಸ, ಆದರೆ ಟರ್ಬೊ ಪೂರ್ತಿ ನಿಂತು ಯಂತ್ರ ತಣ್ಣಗಾಗುತ್ತದೆ. ಯಾವಾಗಲೂ ಪ್ಲಗ್‌ನಲ್ಲೇ ಇಡುವುದಾದರೆ ಚಾರ್ಜ್ 80 ಶೇಕಡಾಕ್ಕೆ ನಿಲ್ಲುವಂತೆ ಮಾಡಿ. ಬಿಸಿಯಲ್ಲಿ 100ಕ್ಕೆ ತುಂಬಿ ನಿಂತ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ.

ಯಾವುದೇ ಬಂದರೂ ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷೆ ಮಾಡಿ. ಚಿಪ್ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು, ಪ್ರೊಸೆಸರ್ ಅನ್ನು ಪೂರ್ತಿ ದುಡಿಸುವ ಸಿನೆಬೆಂಚ್‌ನ 10 ನಿಮಿಷದ ಪರೀಕ್ಷೆ ಓಡಿಸಿ, ಸಿಪಿಯು ಪ್ಯಾಕೇಜ್ ಪವರ್ ಮೊದಲ ನಿಮಿಷ ಎಷ್ಟು, ಹತ್ತನೇ ನಿಮಿಷ ಎಷ್ಟು ಬರೆದುಕೊಳ್ಳಿ. ಹತ್ತನೇ ನಿಮಿಷದ ಅಂಕಿಯೇ ನೀವು ಕೊಂಡ ಶಕ್ತಿ. ಆ ಹೊತ್ತಿಗೆ ಕೀಬೋರ್ಡ್ ಮೇಲೆ ಕೈ ಇಟ್ಟು ನೋಡಿ, ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಅದು ಮೊದಲ ದಿನದ ಸ್ಥಿತಿ. ಧೂಳು ಕೂತ ಮೇಲೆ ಇನ್ನೂ ಏರುತ್ತದೆ. ಆಮೇಲೆ ಚಾರ್ಜರ್ ಕಳಚಿ ಇದನ್ನೇ ಇನ್ನೊಮ್ಮೆ ಮಾಡಿ. ಆಗ ಸಿಗುವ ಅಂಕಿ ಹೊರಗಡೆ ಮಾಡಬೇಕಾದ ಕೆಲಸಕ್ಕೆ ಸಾಲದಿದ್ದರೆ, ಡಬ್ಬ ಬಿಸಾಡುವ ಮೊದಲೇ ಹಿಂದಿರುಗಿಸಿ.