ಅತ್ತೆ, ಅಡಕೊತ್ತು ಮತ್ತು ಕೇಳ್ಕರ್ ಮ್ಯೂಸಿಯಂ

ಪುಣೆಗೆ ಬಂದು ಆರು ವರ್ಷ ಆಯ್ತು, ಮನೆ ಇರೋದು ಕೋಥ್ರೂಡಲ್ಲೇ, ಆದ್ರೂ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ನೋಡಿರ್ಲಿಲ್ಲ. ಊರಲ್ಲೇ ಇರೋದನ್ನ ನೆಂಟರು ಬಂದಾಗ ತಾನೇ ನೋಡೋದು. ಈ ಸಲ ಧಾರವಾಡದಿಂದ ಅತ್ತೆ ಬಂದಿದ್ರು, ನಮ್ಮಿಬ್ರು ಮಕ್ಕಳು ಮನೇಲೇ ಓದೋದ್ರಿಂದ ರಜೆಗೆ ಕಾಯೋ ತಾಪತ್ರಯ ಇಲ್ಲ, ಬುಧವಾರ ಬೆಳಗ್ಗೆ ಅವಲಕ್ಕಿ ತಿಂದು ಆಟೋ ಹತ್ತಿದ್ವಿ.

ಆಟೋದವನು ಕನ್ನಡೀಲಿ ಮಕ್ಕಳನ್ನ ನೋಡ್ತಾ "ಆಜ್ ಶಾಳಾ ನಾಹೀ ಕಾ?" ಅಂದ, ಇವತ್ತು ಸ್ಕೂಲ್ ಇಲ್ವಾ ಅಂತ. ಈ ಪ್ರಶ್ನೆ ನಮಗೆ ದಿನಾ ಇದ್ದದ್ದೇ. ಮಗಳು ಹತ್ತು ವರ್ಷದವಳು, ಎನ್‌ಐಒಎಸ್, ಅಂದ್ರೆ ಕೇಂದ್ರದ ಓಪನ್ ಸ್ಕೂಲ್ ಬೋರ್ಡಲ್ಲಿ, ಹದಿನಾಲ್ಕು ತುಂಬಿದ್ಮೇಲೆ ಹತ್ತನೇ ಕ್ಲಾಸ್ ಪರೀಕ್ಷೆ ಬರೀಬಹುದು ಅಂತ ಮರಾಠೀಲೇ ವಿವರಿಸೋಕೆ ಶುರು ಮಾಡಿದ್ಲು, ಅವನು ಅಷ್ಟರಲ್ಲಿ ಬಾಜಿರಾವ್ ರೋಡ್ ಟ್ರಾಫಿಕ್‌ನ ಬೈಯೋದ್ರಲ್ಲಿ ಬಿಜಿ.

ಮ್ಯೂಸಿಯಂ ಇರೋದು ಶುಕ್ರವಾರ ಪೇಟೆ ಗಲ್ಲಿ ಒಳಗೆ. ನಾನು ರಾತ್ರಿ ಕೂತು ನಾಲ್ಕು ಪುಟದ ವರ್ಕ್‌ಶೀಟ್ ಮಾಡ್ಕೊಂಡ್ ಹೋಗಿದ್ದೆ, ಯಾವ ದೀಪ ಯಾವ ಆಕಾರ, ಮೂರು ವಾದ್ಯದ ಹೆಸರು ಬರಿ, ಇಂಥವು. ಮಳೇಲಿ ಬ್ಯಾಗ್ ಒದ್ದೆಯಾಗಿ ಅದು ಮುದ್ದೆಯಾಗಿತ್ತು. ನಿಜ ಹೇಳ್ಬೇಕಂದ್ರೆ ಒಳ್ಳೇದೇ ಆಯ್ತು.

ಈ ಮ್ಯೂಸಿಯಂ ಕಟ್ಟಿದ ದಿನಕರ್ ಕೇಳ್ಕರ್ ಕವಿ ಕೂಡ, ಅಜ್ಞಾತವಾಸಿ ಅನ್ನೋ ಹೆಸರಲ್ಲಿ ಬರೀತಿದ್ರು. 1920ರ ಸುಮಾರಿಗೆ ಹಳೇ ಸಾಮಾನು ಕೂಡಿಡೋಕೆ ಶುರು ಮಾಡಿ, ಹಳೇ ದೀಪ, ಬಾಗಿಲು, ಪಾತ್ರೆ ಅಂತ ಸೇರಿಸ್ತಾ ಹೋಗಿ, 1975ರಲ್ಲಿ ಎಲ್ಲಾನೂ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಬಿಟ್ರು. ಈಗ ಇಪ್ಪತ್ತು ಸಾವಿರಕ್ಕೂ ಜಾಸ್ತಿ ವಸ್ತು ಇವೆ, ನೋಡೋಕಿಟ್ಟಿರೋದು ಎರಡೂವರೆ ಸಾವಿರದಷ್ಟು. ರಾಜಾ ಅನ್ನೋದು ಏಳು ವರ್ಷಕ್ಕೇ ತೀರ್ಕೊಂಡ ಅವರ ಒಬ್ಬನೇ ಮಗನ ಹೆಸರು. ಇದನ್ನ ಹೇಳಿದ್ದೇ ತಪ್ಪಾಯ್ತು, ನಮ್ಮ ಚಿಕ್ಕವನಿಗೂ ಈಗ ಏಳು. "ಅವನ ಆಟದ ಸಾಮಾನೂ ಇಟ್ಟಿದಾರಾ?" ಅಂತ ಒಂದೊಂದು ಗಾಜಿನ ಪೆಟ್ಟಿಗೆಗೂ ಮೂಗು ಒತ್ತಿ ಹುಡುಕ್ತಾನೇ ಹೋದ.

ಅತ್ತೆ ಮೊದಮೊದಲು ಗೊಣಗ್ತಿದ್ರು. "ಇದೇನವಾ, ರೊಕ್ಕಾ ಕೊಟ್ಟು ಹಂಡೆ-ತಂಬಿಗಿ ನೋಡ್ಲಿಕ್ಕೆ ಬಂದೀವೇನು? ಇಂಥಾವು ನಮ್ಮ ಮನ್ಯಾಗ ಅಟ್ಟದ ಮ್ಯಾಲೆ ಬಿದ್ದಾವ." ಅಡಕೊತ್ತಿನ ಹತ್ರ ಬಂದ್ಮೇಲೆ ಮಾತ್ರ ನಿಂತೇಬಿಟ್ರು. ಹಿತ್ತಾಳೆದು, ಕಬ್ಬಿಣದ್ದು, ಗಿಳಿ ಥರದ್ದು, ಕುದುರೆ ಥರದ್ದು, ಅಡಿಕೆ ಕತ್ತರಿಸೋಕೆ ಇಷ್ಟೊಂದು ಸಿಂಗಾರ ಬೇಕಿತ್ತಾ ಅನ್ಸುತ್ತೆ. ಅತ್ತೆ ಖಾಲಿ ಕೈಯಲ್ಲೇ ಕತ್ತರಿಸಿ ತೋರಿಸಿದ್ರು: "ಅಡಿಕಿ ಕೀಲಿನ ಹತ್ರ ಒತ್ತಿ ಇಡಬೇಕು, ಹಿಡಿಕಿ ತುದಿಗೆ ಹಿಡೀಬೇಕು. ಅಡಿಕಿ ಮುಂದ ಬಂತಂದ್ರ ಒಡ್ಯಾಂಗಿಲ್ಲ, ಬರೇ ಕೈ ನೋಯ್ತದ." ಮಗಳು ನನ್ನ ಮುಖ ನೋಡಿದ್ಲು. ಸನ್ನೆಗೋಲು ಪಾಠ ಅಂತ ಹೋದ ತಿಂಗಳು ಸ್ಕೇಲು, ರಬ್ಬರ್, ನಾಣ್ಯ ಇಟ್ಕೊಂಡು ಎರಡು ದಿನ ನಾನು ಒದ್ದಾಡಿದ್ದು ಇದನ್ನೇ! "ಅಮ್ಮ, ಅಡಿಕೆ ಭಾರ, ಕೀಲು ಆನಿಕೆ, ಅಲ್ವಾ?" ಅಂದ್ಲು. ಅಲ್ಲಿಂದ ಮುಂದೆ ಅತ್ತೆನೇ ಟೀಚರ್, ನಾನು ಬ್ಯಾಗ್ ಹಿಡಿದುಕೊಂಡು ಹಿಂದೆ. ಹಿತ್ತಾಳೆ ವಜ್ರಿ ಕಂಡಾಗ, ಅದೇ ಹಿಮ್ಮಡಿ ಉಜ್ಜೋದು, ತಳ ಒರಟಾಗಿರುತ್ತೆ, ಮೇಲೆ ಹಿಡಿಯೋಕೆ ಹಕ್ಕಿ, ಅತ್ತೆ ಚಪ್ಪಲಿ ಬಿಟ್ಟು ತಮ್ಮ ಒಡೆದ ಹಿಮ್ಮಡಿನೇ ತೋರಿಸಿದ್ರು, ಗಾರ್ಡ್ ನಕ್ಕಿದ್ದೇ ನಕ್ಕಿದ್ದು.

ವಾದ್ಯಗಳನ್ನ ಓಡಿ ಓಡಿ ನೋಡಿದ್ವಿ, ಚಿಕ್ಕವನಿಗೆ ಹಸಿವು. ಪೇಶ್ವೆ ಬಾಜಿರಾವ್ ಹೆಂಡತಿ ಮಸ್ತಾನಿಯ ಅರಮನೆ, ಮಸ್ತಾನಿ ಮಹಲ್ ಹತ್ರ ಮಾತ್ರ ನಿಂತ, ಅದು ಮೊದಲು ಕೋಥ್ರೂಡಲ್ಲಿತ್ತು, ಅಲ್ಲಿಂದ ತಂದು ಇಲ್ಲಿ ಜೋಡಿಸಿದ್ದು ಅಂದಿದ್ದಕ್ಕೆ. "ನಮ್ಮ ಕೋಥ್ರೂಡಾ? ಯಾವ ಸೊಸೈಟಿ?"

ಆಟದ ಸಾಮಾನು ಕಂಡ್ವು, ಆದ್ರೆ ಅವು ರಾಜಾದೇನಾ ಅಂತ ಅವನು ಕೇಳಿದ್ದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ, ಕೈ ಹಿಡ್ಕೊಂಡು ಮಿಸಳ್ ತಿನ್ನೋಕೆ ಕರ್ಕೊಂಡ್ ಹೋದೆ.

ಹೋಟೆಲಲ್ಲಿ ಎರಡನೇ ಪಾವ್ ಬರೋಷ್ಟರಲ್ಲಿ ಅತ್ತೆ ಧಾರವಾಡಕ್ಕೆ ಫೋನ್ ಹಚ್ಚಿದ್ರು, ತಂಗಿಗೆ. ಶ್ರಾವಣಕ್ಕೆ ಮುಂಚೆ ಅಟ್ಟ ಖಾಲಿ ಮಾಡಿ ಗುಜರಿಯವನಿಗೆ ಹಾಕೋ ಪ್ಲಾನ್ ಇತ್ತು, ಅದಕ್ಕೆ ಹೂಂ ಅಂದವಳು ನಾನೇ. "ಏ ಸುಮ್ನಿರು, ಆ ಗಂಟು ಬಿಚ್ಚಬ್ಯಾಡ. ಅಡಕೊತ್ತು ಅದರಾಗ ಅದನೋ ಇಲ್ಲೋ ಅಷ್ಟ ನೋಡಿ ಹೇಳು. ಮತ್ತ ನಾ ಬರೂತನಕಾ ಯಾವನ್ನೂ ಒಳಗ ಬಿಟ್ಕೋಬ್ಯಾಡ."