ಹಳೇ ವಿಡಿಯೊ ಕವರ್‌ನ ಚುಕ್ಕಿ ಕಾಟ: ಕೊನೆಗೂ ಕಿತ್ತಳೆ ಆಕಾಶ ತಿಳಿಯಾಯಿತು

ಹಳೇ ವಿಎಚ್‌ಎಸ್ ಕ್ಯಾಸೆಟ್‌ನ ಕವರ್ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಲು ಹೊರಟಾಗ, ಹಾಫ್‌ಟೋನ್ ಚುಕ್ಕಿ (ಅಚ್ಚಿನಲ್ಲಿ ಬಣ್ಣದ ಛಾಯೆ ಕಟ್ಟುವ ಸಣ್ಣ ಶಾಯಿ ಚುಕ್ಕಿ) ತೆಗೆದ ಮೇಲೂ ಬೆನ್ನು ಬಿಡದೆ ಕಾಡುತ್ತಿದ್ದ ದಪ್ಪ ಮಚ್ಚೆಗಳು ಹೋದವು. ಪೂರ್ತಿ ಹೋದವು ಅನ್ನುವುದಿಲ್ಲ. ಹಳದಿಯಲ್ಲಿ ಇನ್ನೂ ಒಂಚೂರು ನೆರಳಿದೆ, ಆದರೆ ಅದನ್ನು ಹುಡುಕಲು 400 ಪರ್ಸೆಂಟ್ ಝೂಮ್ ಬೇಕು. ಸ್ಟಿಕ್ಕರ್ ಬಿಡಿಸುವುದು, ಅಂಟು ಒರೆಸುವುದು, ಸ್ಲೀವ್ (ಕವರ್ ಕಾಗದ) ಚಪ್ಪಟೆ ಮಾಡುವುದು, ಸ್ಕ್ಯಾನರ್‌ಗೆ ಪ್ರೊಫೈಲ್ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಇಲ್ಲಿ ಬಿಟ್ಟಿದ್ದೇನೆ. ಇದು ಪೂರ್ತಿ ಚುಕ್ಕಿಯ ಪುರಾಣ.

ಇಷ್ಟು ರಗಳೆ ಯಾಕೆ ಬೇಕು ಅನ್ನುವವರಿಗೆ ಒಂದು ಮಾತು. ವಿಎಚ್‌ಎಸ್ ಬಂದದ್ದು 1976ರಲ್ಲಿ. ಆಮೇಲಿನ ಹದಿನೈದು ವರ್ಷ ಬಾಡಿಗೆ ಅಂಗಡಿಯ ಕಪಾಟಿನಲ್ಲಿ ಹೆಸರೇ ಕೇಳದ ಚಿತ್ರವೊಂದನ್ನು ಗಿರಾಕಿಯ ಕೈಗೆ ಬರಿಸಬೇಕಾದದ್ದು ಒಂದು ಗೇಣುದ್ದದ ಕವರ್. ಒಳಗಿನ ಚಿತ್ರಕ್ಕೆ ದುಡ್ಡಿರಲಿಲ್ಲ, ಹೊರಗಿನ ಚಿತ್ರಕ್ಕೆ ಅಂಕೆ ಇರಲಿಲ್ಲ. ಏರ್‌ಬ್ರಷ್‌ನಲ್ಲಿ ಮಂಜು, ಗ್ವಾಶ್ (ದಟ್ಟ ಜಲವರ್ಣ) ಬಣ್ಣದಲ್ಲಿ ಕಣ್ಣಿನ ಹೊಳಪು, ಕಿತ್ತಳೆಯಿಂದ ನೇರಳೆಗೆ ಜಾರುವ ಆಕಾಶ. ಇಟಲಿಯ ಎಂಜೊ ಶೊಟ್ಟಿಯಂಥ ಕಲಾವಿದರು ಬರೆದ ಹೊದಿಕೆಗಳನ್ನು ನೋಡಿದರೆ, ಒಳಗಿನ ಸಿನಿಮಾ ನೋಡದಿರುವುದೇ ಮೇಲು ಅನ್ನಿಸುವುದುಂಟು. ಬ್ರಿಟನ್ನಿನಲ್ಲಿ 1984ರ ವಿಡಿಯೊ ಕಾಯಿದೆ ಬರುವ ಮುಂಚಿನ ಕವರ್‌ಗಳಂತೂ ಲಂಗುಲಗಾಮಿಲ್ಲದವು. ಆಮೇಲಿನವುಗಳಲ್ಲಿ ತ್ರಿಕೋನ, ವೃತ್ತದ ಸೆನ್ಸಾರ್ ಚಿಹ್ನೆ ಮುಖದ ಮೇಲೂ ಬೆನ್ನಿನ ಮೇಲೂ ಕೂತಿರುತ್ತದೆ. (ಆ ಚಿಹ್ನೆಗಳ ಮೇಲೆ ಬೇರೆ ಸಿಟ್ಟಿದೆ, ಮುಂದೆ ಬರುತ್ತದೆ.) ಇಂಥ ಎಷ್ಟೋ ಕವರ್‌ಗಳ ಮೂಲ ಪೇಂಟಿಂಗ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಆಫ್‌ಸೆಟ್‌ನಲ್ಲಿ ಅಚ್ಚಾದ ಕಾಗದ, ಅದೂ ಚುಕ್ಕಿಗಳಾಗಿ ಒಡೆದು.

ಚುಕ್ಕಿ ಹಾಗೇ ಇಟ್ಟುಕೊಂಡು ಲೇಸರ್ ಪ್ರಿಂಟರ್‌ಗೆ ಕೊಟ್ಟರೆ ಪ್ರಿಂಟರ್‌ನ ಸ್ಕ್ರೀನ್ (ಚುಕ್ಕಿಗಳ ಜಾಲ) ಕವರ್‌ನ ಸ್ಕ್ರೀನ್‌ಗೆ ಡಿಕ್ಕಿ ಹೊಡೆದು ಮ್ವಾರೆ (ಚಿತ್ರದಲ್ಲಿಲ್ಲದ ಅಲೆಯಂಥ ವಿನ್ಯಾಸ) ಏಳುತ್ತದೆ. ಸ್ಕ್ಯಾನರ್ ಡ್ರೈವರ್‌ನಲ್ಲಿರುವ 'ಡಿಸ್ಕ್ರೀನ್' ಬಟನ್ ಮಾಡುವುದು ಸುಮ್ಮನೆ ಬ್ಲರ್, ನೆಗಡಿಗೆ ಮೂಗು ಕೊಯ್ದ ಹಾಗೆ. ಚುಕ್ಕಿಯ ಜೊತೆಗೆ ಕಣ್ಣಿನ ಹೊಳಪೂ ಹೋಗುತ್ತದೆ. ಇನ್ನು ಎಐ ಅಪ್‌ಸ್ಕೇಲರ್‌ಗಳು. ಏರ್‌ಬ್ರಷ್‌ನ ಮುಖವನ್ನು ಪ್ಲಾಸ್ಟಿಕ್ ಗೊಂಬೆ ಮಾಡಿ, ಇಲ್ಲದ ರೆಪ್ಪೆ ಕೂದಲು ಹುಟ್ಟಿಸಿ, ಮೇಲಿಂದ 'ರಿಸ್ಟೋರ್ಡ್' ಅಂತ ಹೆಸರಿಡುತ್ತವೆ. ಅದು ಬೇಡ.

ಉಳಿದದ್ದು ಎಫ್‌ಎಫ್‌ಟಿ ದಾರಿ, ಅಂದರೆ ಚಿತ್ರವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ: ಸಾಲಾಗಿ ಕೂತ ಚುಕ್ಕಿಗಳು ಅಲ್ಲಿ ಚೂಪು ಶಿಖರಗಳಾಗಿ ಏಳುತ್ತವೆ, ಆ ಶಿಖರ ಅಳಿಸಿದರೆ ಚುಕ್ಕಿ ಹೋಗುತ್ತದೆ. 2400 ಡಿಪಿಐ ಸ್ಕ್ಯಾನ್, 150 ಎಲ್‌ಪಿಐ (ಇಂಚಿಗೆ 150 ಚುಕ್ಕಿ ಸಾಲು) ಸ್ಕ್ರೀನ್ ಅಂದರೆ ಚುಕ್ಕಿಯಿಂದ ಚುಕ್ಕಿಗೆ 16 ಪಿಕ್ಸೆಲ್. 1024 ಪಿಕ್ಸೆಲ್‌ನ ತುಂಡು ತೆಗೆದುಕೊಂಡರೆ ಪ್ರತಿ ಶಾಯಿಯ ಶಿಖರ ನಡುವಿನಿಂದ 64 ಬಿನ್ (ಆವರ್ತನದ ಮನೆ) ದೂರದಲ್ಲಿ. ಸ್ಕ್ರೀನ್‌ನ ಓರೆ ಸಯಾನ್ (ಹಸಿರು ಮಿಶ್ರಿತ ನೀಲಿ) ಶಾಯಿಗೆ 15 ಡಿಗ್ರಿ, ಮಜೆಂಟಾಗೆ (ಕಡುಗುಲಾಬಿ) 75, ಕಪ್ಪಿಗೆ 45, ಹಳದಿಗೆ 0, ಇದು ಪುಸ್ತಕದ ಲೆಕ್ಕ. ಮುಖದ ಬಣ್ಣ ನಯವಾಗಿ ಬರಲಿ ಅಂತ ಮಜೆಂಟಾವನ್ನು 45ಕ್ಕೆ ತಂದು ಕಪ್ಪನ್ನು ಪಕ್ಕಕ್ಕೆ ಸರಿಸಿದ ಪ್ರೆಸ್‌ಗಳೂ ಇವೆ. ಆದ್ದರಿಂದ ಪುಸ್ತಕ ನಂಬದೆ ಕೆಂಪು ಚಾನೆಲ್‌ನಲ್ಲಿ ಸಯಾನ್, ಹಸಿರಿನಲ್ಲಿ ಮಜೆಂಟಾ, ನೀಲಿಯಲ್ಲಿ ಹಳದಿ ಎಲ್ಲಿ ಎದ್ದಿದೆ ಅಂತ ಮೊದಲು ಅಳೆಯಿರಿ. ಶಿಖರದ ದೂರವನ್ನು 2400ರಿಂದ ಗುಣಿಸಿ 1024ರಿಂದ ಭಾಗಿಸಿದರೆ ನಿಜವಾದ ಎಲ್‌ಪಿಐ ಸಿಗುತ್ತದೆ. ಕೆಲವು 133 ಬರುತ್ತವೆ.

ಕೊನೆಗೆ ಚಿತ್ರವನ್ನು 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) ಇಳಿಸುತ್ತೇವಲ್ಲ, ಚುಕ್ಕಿ ತಾನಾಗೇ ಹೋಗದೇ ಅಂತ ಕೇಳಬಹುದು. ಹೋಗುವುದಿಲ್ಲ. 300 ಪಿಪಿಐ ಹಿಡಿಯಬಲ್ಲ ವಿವರದ ಗಡಿ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ 64 ಬಿನ್. ಕಪ್ಪಿನ ಶಿಖರ ಕೂತಿರುವುದು 45, 45ರ ಹತ್ತಿರ, ಅಂದರೆ ಗಡಿಯ ಒಳಗೆ. ಸಯಾನ್ 62, 17ರ ಹತ್ತಿರ, ಅದೂ ಕೂದಲೆಳೆಯಷ್ಟು ಒಳಗೆ. ಹಾಗಾಗಿ ಅವನ್ನು ಕೈಯಾರೆ ಕೊಲ್ಲಲೇಬೇಕು. ತುಂಡುಗಳ ಅಂಚು ಸವರಲು ಹಾನ್ ವಿಂಡೋ, ತುಂಡುಗಳ ನಡುವೆ ಅರ್ಧಕ್ಕರ್ಧ ಓವರ್‌ಲ್ಯಾಪ್, ಶಿಖರ ಅಳಿಸಲು 3 ಬಿನ್ ಸಿಗ್ಮಾದ (ಹರಡಿಕೆಯ) ನಾಚ್ ಫಿಲ್ಟರ್. ಇಲ್ಲಿಯವರೆಗೆ ಎಲ್ಲ ಸಲೀಸು.

ಆಮೇಲೆ ಶುರುವಾಗುತ್ತದೆ ಅಸಲಿ ಕಾಟ. ನಾಲ್ಕೂ ಶಿಖರ ಕೊಂದ ಮೇಲೆ ಕಿತ್ತಳೆ ಆಕಾಶದಲ್ಲಿ ಸುಮಾರು 0.65 ಮಿಲಿಮೀಟರಿನ ಮಬ್ಬು ಮಚ್ಚೆ, ನೇರಳೆಯಲ್ಲಿ ಅದರ ಅರ್ಧದಷ್ಟರ ಹೂವು. ನಾಚ್ ಅಗಲ ಮಾಡಿದರೆ ಚಿತ್ರ ಮಂಕು, ಕಿರಿದು ಮಾಡಿದರೆ ಮಚ್ಚೆ ಹಾಗೇ. ಈ ಅಳತೆಯೇ ಕಳ್ಳನನ್ನು ತೋರಿಸಿಕೊಡುತ್ತದೆ. 15 ಡಿಗ್ರಿ ಅಂತರದ ಎರಡು ಸ್ಕ್ರೀನ್‌ಗಳ ಬೀಟ್ (ಎರಡರ ವ್ಯತ್ಯಾಸದಿಂದ ಹುಟ್ಟುವ ದಪ್ಪ ಅಲೆ) 64ರ 0.26 ಪಾಲು, ಅಂದರೆ 17ನೇ ಬಿನ್, ಅಂದರೆ 0.65 ಮಿಲಿಮೀಟರ್. ಅದು ಹಳದಿ ಮತ್ತು ಅದರ ಪಕ್ಕದ ಶಾಯಿಯದು. 30 ಡಿಗ್ರಿ ಅಂತರದ್ದು 33ನೇ ಬಿನ್, 0.33 ಮಿಲಿಮೀಟರ್, ಇದು ರೋಸೆಟ್ (ಚುಕ್ಕಿಗಳು ಸೇರಿ ಕಟ್ಟುವ ಆ ಹೂವು). ಒಂದರ ಮೇಲೊಂದು ಬಿದ್ದ ಶಾಯಿಗಳು ಬೆಳಕನ್ನು ಕೂಡುವುದಿಲ್ಲ, ಗುಣಿಸುತ್ತವೆ. ಗುಣಾಕಾರ ಇದ್ದಲ್ಲಿ ಎರಡು ಆವರ್ತನಗಳ ವ್ಯತ್ಯಾಸವೂ ಹುಟ್ಟುತ್ತದೆ. ಅದು ಬಂದು ಕೂರುವುದು ಚಿತ್ರದ ಅಸಲಿ ವಿವರ ಇರುವ ಜಾಗದಲ್ಲೇ, ಆದ್ದರಿಂದ ಅಲ್ಲಿ ಕತ್ತರಿ ಹಾಕುವಂತಿಲ್ಲ.

ಗುಣಾಕಾರವನ್ನು ಕೂಡುವಿಕೆ ಮಾಡಲು ಲಾಗ್ (ಲಾಗರಿದಮ್) ತೆಗೆಯಬೇಕು. ರಿಫ್ಲೆಕ್ಟೆನ್ಸ್‌ನ (ಕಾಗದದಿಂದ ಮರಳುವ ಬೆಳಕಿನ ಪಾಲು) ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಡೆನ್ಸಿಟಿ, ಅಲ್ಲಿ ಶಾಯಿಗಳು ಬರೀ ಕೂಡುತ್ತವೆ, ಬೀಟ್ ಹುಟ್ಟುವುದಿಲ್ಲ. ಇದಕ್ಕೆ ಗಾಮಾ 1.0ರ ಲೀನಿಯರ್ 16 ಬಿಟ್ ಸ್ಕ್ಯಾನ್ ಬೇಕೇ ಬೇಕು. ವ್ಯೂಸ್ಕ್ಯಾನ್ ಎಂಬ ಸ್ಕ್ಯಾನಿಂಗ್ ತಂತ್ರಾಂಶದ ರಾ ಫೈಲ್ ಸಾಕು. 8 ಬಿಟ್‌ನ ಕಪ್ಪು ಭಾಗಕ್ಕೆ ಲಾಗ್ ಹಾಕಿದರೆ ಬರುವುದು ಮರಳು. ಡೆನ್ಸಿಟಿಯಲ್ಲಿ ಮಚ್ಚೆ ಮುಕ್ಕಾಲು ಪಾಲು ಹೋಗುತ್ತದೆ, ಆದರೆ ಚಿತ್ರ ಇದ್ದಲು. ಕಾರಣ ಸರಳ: 1.4 ಡೆನ್ಸಿಟಿಯ ಶಾಯಿ ಅರ್ಧ ಜಾಗ ಮುಚ್ಚಿದರೆ ಕಣ್ಣಿಗೆ ಕಾಣುವುದು 52 ಪರ್ಸೆಂಟ್ ಬೆಳಕು, ಡೆನ್ಸಿಟಿಯ ಸರಾಸರಿ ತೆಗೆದರೆ ಸಿಗುವುದು 20 ಪರ್ಸೆಂಟ್. ಮಚ್ಚೆ ಹೋಗಬೇಕಾದರೆ ಲಾಗ್ ಬೇಕು, ಬಣ್ಣ ಸರಿಬರಬೇಕಾದರೆ ಲಾಗ್ ಬೇಡ. ಎತ್ತು ಏರಿಗೆ, ಕೋಣ ನೀರಿಗೆ.

ಬಿಡುಗಡೆ ಸಿಕ್ಕಿದ್ದು ಸರಾಸರಿಯನ್ನೇ ಕೈಬಿಟ್ಟು ಚುಕ್ಕಿಯನ್ನೇ ಎಣಿಸಿದಾಗ. ಆಫ್‌ಸೆಟ್‌ನಲ್ಲಿ ಶಾಯಿ ಇದೆ ಅಥವಾ ಇಲ್ಲ, ಮಧ್ಯಂತರ ಇಲ್ಲ. ಹಾಗಾದರೆ ಡೆನ್ಸಿಟಿ ಚಿತ್ರದಿಂದ ಪ್ರತಿ ಶಾಯಿಗೂ ಒಂದೊಂದು ಇದೆ-ಇಲ್ಲ ನಕ್ಷೆ ತೆಗೆದರಾಯಿತು. ಸಯಾನ್ ನಕ್ಷೆಯಲ್ಲಿ ಸಯಾನ್ ಸ್ಕ್ರೀನ್ ಬಿಟ್ಟು ಬೇರೆ ಯಾವುದರ ಸುಳಿವೂ ಇರುವುದಿಲ್ಲ. ಬೀಟ್ ಹುಟ್ಟಲು ಜೋಡಿಯೇ ಇಲ್ಲ.

ಮಾಡುವ ಕ್ರಮ ಹೀಗೆ. ಮೊದಲು ಮೂರು ಚಾನೆಲ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಸಿಸಿಡಿ (ಲೆನ್ಸ್ ಮೂಲಕ ನೋಡುವ ಸೆನ್ಸರ್‌ನ) ಸ್ಕ್ಯಾನರ್‌ಗಳಲ್ಲಿ ಕೆಂಪು, ಹಸಿರು, ನೀಲಿ ಸಾಲುಗಳು ಬೇರೆ ಬೇರೆ ಇರುತ್ತವೆ. ತಲೆ ಚಲಿಸುವ ದಿಕ್ಕಿನಲ್ಲಿ ಅರ್ಧ ಪಿಕ್ಸೆಲ್ ಜಾರಿದರೂ ಪ್ರತಿ ಮಜೆಂಟಾ ಚುಕ್ಕಿಯ ಅಂಚಿಗೆ ಸುಳ್ಳು ಹಳದಿ ಅಂಟಿಕೊಳ್ಳುತ್ತದೆ. ಕವರ್‌ನ ಹಿಂಬದಿಯ ಸಣ್ಣ ಕಪ್ಪು ಅಕ್ಷರಗಳ ಮೇಲೆ ಫೇಸ್ (phase) ಕೋರಿಲೇಶನ್ ಎಂಬ ಲೆಕ್ಕ ಓಡಿಸಿ ಜಾರಿಕೆ ಅಳೆದು ಸರಿಪಡಿಸಿ. ಸಿಐಎಸ್ (ಗಾಜಿಗೆ ಹತ್ತಿಕೊಂಡೇ ಇರುವ ಸೆನ್ಸರ್‌ನ) ಸ್ಕ್ಯಾನರ್‌ಗೆ ಈ ತೊಂದರೆ ಕಡಿಮೆ, ಆದರೆ ಮಡಿಕೆ ಇರುವ ಸ್ಲೀವ್ ಗಾಜಿನಿಂದ ಒಂದು ಮಿಲಿಮೀಟರ್ ಎದ್ದರೂ ಅದಕ್ಕೆ ಮಂಜು ಕವಿಯುತ್ತದೆ.

ನಂತರ ಶಾಯಿಗಳ ಅಳತೆ. ಕಲರ್ ಬಾರ್ (ಶಾಯಿ ಪರೀಕ್ಷಿಸುವ ಬಣ್ಣದ ಪಟ್ಟಿ) ಅನ್ನು ಪ್ರೆಸ್‌ನವರು ಕತ್ತರಿಸಿ ಎಸೆದಿರುತ್ತಾರೆ, ಹಾಗಾಗಿ ಕವರ್‌ನಲ್ಲೇ ಶುದ್ಧ ಬಣ್ಣ ಹುಡುಕಬೇಕು: ಲೋಗೊದ ಹಳದಿ, ಬಾರ್‌ಕೋಡ್ ಪಕ್ಕದ ಪಟ್ಟಿ, ಶೀರ್ಷಿಕೆಯ ಅಂಚು. ಎಲ್ಲೂ ಸಿಗದಿದ್ದರೆ ತೆಳು ಛಾಯೆಯ ಜಾಗದ ಒಂಟಿ ಚುಕ್ಕಿಯ ನಡುಭಾಗ ನೋಡಿ. ಸರಿಸುಮಾರು ಸಯಾನ್‌ಗೆ ಕೆಂಪಿನಲ್ಲಿ 1.3, ಹಸಿರಿನಲ್ಲಿ 0.5, ನೀಲಿಯಲ್ಲಿ 0.2, ಮಜೆಂಟಾಗೆ 0.2, 1.3, 0.7, ಹಳದಿಗೆ 0.02, 0.1, 1.0 ಬರುತ್ತದೆ. ನಿಮ್ಮ ಸ್ಕ್ಯಾನರ್‌ನ ಸಂಖ್ಯೆಯನ್ನೇ ಬಳಸಿ, ಇವನ್ನು ನಕಲು ಮಾಡಬೇಡಿ. ಈ 3×3 ಮ್ಯಾಟ್ರಿಕ್ಸ್‌ನ ವಿಲೋಮ (ಇನ್‌ವರ್ಸ್) ತೆಗೆದು ಗುಣಿಸಿದರೆ ಶಾಯಿ ಬೇರೆಯಾಗುತ್ತದೆ. ಅದಕ್ಕೂ ಮೊದಲು ಕಪ್ಪನ್ನು ಎತ್ತಿಡಬೇಕು. ಮೂರೂ ಚಾನೆಲ್‌ನಲ್ಲಿ ಒಟ್ಟಿಗೆ ಮಿತಿ ದಾಟಿದ ಪಿಕ್ಸೆಲ್ ಕಪ್ಪು ಅನ್ನಿ, ಅದರಡಿಯ ಬಣ್ಣವನ್ನು ನೆರೆಯ ಚುಕ್ಕಿಗಳಿಂದ ತುಂಬಿ. ಮೂರೂ ಬಣ್ಣ ಒಂದರ ಮೇಲೊಂದು ಬಿದ್ದ ಜಾಗವೂ ಈ ಮಿತಿ ದಾಟಬಹುದು, ಆದರೆ ಅದು ಸಾಮಾನ್ಯವಾಗಿ ಕಂದು ತಿರುಗಿರುತ್ತದೆ, ಆ ವ್ಯತ್ಯಾಸ ನೋಡಿ ಬೇರೆ ಮಾಡಿ.

ಇನ್ನು ಎಲ್ಲರೂ ಎಡವುವ ಜಾಗ, ಥ್ರೆಶೋಲ್ಡ್ (ಶಾಯಿ ಇದೆ-ಇಲ್ಲ ಅಂತ ತೀರ್ಮಾನಿಸುವ ಮಿತಿ). ಇದೆ-ಇಲ್ಲ ಅಂದ ಕೂಡಲೇ ಕೈ 0.5ಕ್ಕೆ ಹೋಗುತ್ತದೆ. ಆದರೆ ನಾವಿರುವುದು ಲಾಗ್‌ನಲ್ಲಿ. ಚುಕ್ಕಿಯ ಅಂಚಿನ ಪಿಕ್ಸೆಲ್ ಅರ್ಧ ಶಾಯಿ, ಅರ್ಧ ಕಾಗದ, 1.3 ಡೆನ್ಸಿಟಿಯ ಶಾಯಿಗೆ ಆ ಅರ್ಧ ಬೆಳಕಿನ ಡೆನ್ಸಿಟಿ 0.28, ಅಂದರೆ ಪೂರ್ಣದ 0.215 ಪಾಲು. 1.0 ಡೆನ್ಸಿಟಿಯ ಹಳದಿಗೆ 0.26. ಈ ಸಂಖ್ಯೆಯಲ್ಲಿ ಕತ್ತರಿಸಿದರೆ ಚುಕ್ಕಿ ತನ್ನ ನಿಜವಾದ ಗಾತ್ರಕ್ಕೆ ಬರುತ್ತದೆ. 0.5ರಲ್ಲಿ ಕತ್ತರಿಸಿದರೆ ಎಲ್ಲ ಚುಕ್ಕಿಯೂ ಬಡಕಲಾಗಿ ಆಕಾಶ ಬಿಳಿಚಿಕೊಳ್ಳುತ್ತದೆ.

ನಕ್ಷೆಗಳು ಸಿಕ್ಕ ಮೇಲೆ ಪ್ರತಿಯೊಂದಕ್ಕೂ ಅದರದೇ ನಾಚ್, 300ಕ್ಕೆ ಇಳಿಕೆ; ಸಿಗುವುದು ಶಾಯಿ ಮುಚ್ಚಿದ ಪಾಲು. ಬಣ್ಣ ಮರಳಿ ಕಟ್ಟುವಾಗ ಪ್ರತಿ ಚಾನೆಲ್‌ನಲ್ಲೂ ಪ್ರತಿ ಶಾಯಿಗೆ 'ಒಂದರಲ್ಲಿ ಮುಚ್ಚಿದ ಪಾಲು ಕಳೆದು, ಆ ಪಾಲಿನ ಶಾಯಿಯಿಂದ ಹಾಯುವ ಬೆಳಕಿನಷ್ಟು ಕೂಡಿ', ನಾಲ್ಕನ್ನೂ ಗುಣಿಸಿ. ಕಾಗದದೊಳಗೆ ಬೆಳಕು ಹರಡಿ ಚುಕ್ಕಿಗಳ ನಡುವಿನ ಬಿಳಿ ಕೊಂಚ ಕೊಳೆಯಾಗಿರುವುದರಿಂದ ಫಲಿತಾಂಶ ಒಂದೆಳೆ ತಿಳಿಯಾಗಿ ಬರುತ್ತದೆ. ಅದಕ್ಕೆ ಮೂಲ ಸ್ಕ್ಯಾನ್ ಮತ್ತು ಹೊಸ ಚಿತ್ರ ಎರಡಕ್ಕೂ ಒಂದು ಮಿಲಿಮೀಟರ್ ಸಿಗ್ಮಾದ ಬ್ಲರ್ ಹಾಕಿ, ಲೀನಿಯರ್‌ನಲ್ಲೇ ಅನುಪಾತ ತೆಗೆದು ಗುಣಿಸಿ. 0.65ರ ಮಚ್ಚೆ ಆ ಬ್ಲರ್‌ನಲ್ಲಿ ಬದುಕುವುದಿಲ್ಲ, ಬಣ್ಣ ಮಾತ್ರ ಸರಿಹೋಗುತ್ತದೆ.

ಪರೀಕ್ಷೆಯ ಕವರ್‌ನಲ್ಲಿ ಕತ್ತಲಿಂದ ಇಣುಕುವ ಅರ್ಧ ಮುಖ, ಅದರ ಕಣ್ಣಲ್ಲಿ 0.8 ಮಿಲಿಮೀಟರ್ ಅಗಲದ ಬಿಳಿ ಗ್ವಾಶ್ ಚುಕ್ಕೆ. ಐದು ಹಾಫ್‌ಟೋನ್ ಚುಕ್ಕಿಯಷ್ಟೂ ಇಲ್ಲ. ಡ್ರೈವರ್‌ನ ಬ್ಲರ್‌ನಲ್ಲಿ ಅದು ಬೂದು ಕಲೆ. ಈಗ ಅದಕ್ಕೊಂದು ಬಾಲವೂ ಕಾಣುತ್ತಿದೆ: ಕುಂಚ ಎಡದಿಂದ ಒತ್ತಿ ಬಲಕ್ಕೆ ಎಳೆದದ್ದು.

ಸೆನ್ಸಾರ್ ಚಿಹ್ನೆಗಳ ಮೇಲಿನ ಸಿಟ್ಟು ಈಗ. ಹಳದಿ 0 ಡಿಗ್ರಿಯಲ್ಲಿರುವುದರಿಂದ ಅದರ ಶಿಖರ ಅಕ್ಷದ ಮೇಲೇ ಕೂರುತ್ತದೆ. ಕವರ್‌ನ ಚೌಕಟ್ಟು, ಪಟ್ಟಿಗಳು, ತ್ರಿಕೋನದ ಬುಡ, ಎಲ್ಲವೂ ತಮ್ಮ ಶಕ್ತಿಯನ್ನು ಅದೇ ಅಕ್ಷದ ಮೇಲೆ ಸುರಿಯುತ್ತವೆ. ನಾಚ್ ಹಾಕಿದ ಕೂಡಲೇ ಅಂಚುಗಳ ಸುತ್ತ ಅಲೆ ಏಳುತ್ತದೆ. ಕವರ್ ಓರೆ ಇಟ್ಟು ಸ್ಕ್ಯಾನ್ ಮಾಡಿ ಅನ್ನುವ ಸಲಹೆ ಅರ್ಧ ಸತ್ಯ. ಸೆನ್ಸರ್‌ನ ದೂಳಿನ ಗೆರೆಗಳು ಬೇರೆಯಾಗುತ್ತವೆ, ಚೌಕಟ್ಟು ಕವರ್‌ನ ಜೊತೆಗೇ ಓರೆಯಾಗುತ್ತದೆ. ಅಕ್ಷರ, ಚಿಹ್ನೆ, ಚೌಕಟ್ಟುಗಳನ್ನು ಮಾಸ್ಕ್ ಮಾಡಿ ಸುತ್ತಲಿನ ಸರಾಸರಿ ತುಂಬಿ, ನಾಚ್ ಆದ ಮೇಲೆ ವಾಪಸ್ ಕೂರಿಸುವುದೇ ದಾರಿ. ಕಪ್ಪು ಅಕ್ಷರಗಳನ್ನು 1200 ಪಿಪಿಐನ 1 ಬಿಟ್ ಪದರವಾಗಿ ಪ್ರತ್ಯೇಕ ಇಟ್ಟುಕೊಳ್ಳಿ, ಮುದ್ರಣದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಗಾತ್ರದ ಬಗ್ಗೆ ಎಚ್ಚರ: ಎ4 ಗಾಜು ಪೂರ್ತಿ 2400ರಲ್ಲಿ 55 ಕೋಟಿ ಪಿಕ್ಸೆಲ್ ದಾಟುತ್ತದೆ, 16 ಬಿಟ್‌ನಲ್ಲಿ 3.3 ಜಿಬಿ, 32 ಬಿಟ್ ಫ್ಲೋಟ್ ಮಾಡಿದರೆ ಅದರ ಇಮ್ಮಡಿ. ತುಂಡು ತುಂಡಾಗಿ ಓದಿ. ಪೈಥಾನ್‌ನ ಲೆಕ್ಕದ ಲೈಬ್ರರಿಗಳಲ್ಲಿ ಸೈಪೈನ ಎಫ್‌ಎಫ್‌ಟಿ 32 ಬಿಟ್ ಅನ್ನು 32 ಆಗಿಯೇ ಇಡುತ್ತದೆ, ಹಳೇ ನಮ್‌ಪೈ ಸದ್ದಿಲ್ಲದೆ 64 ಮಾಡಿ ಮೆಮೊರಿ ನುಂಗುತ್ತದೆ.

ಮಾರುವವರ ಬಗ್ಗೆ ಎರಡು ಮಾತು ಆಡದಿದ್ದರೆ ಸಮಾಧಾನ ಇಲ್ಲ. ಡಬ್ಬದ ಮೇಲೆ '4800 ಆಪ್ಟಿಕಲ್' ಅಂತ ಬರೆದ ಸ್ಕ್ಯಾನರ್‌ಗಳು ಅದರ ಅರ್ಧ ವಿವರ ಬಿಡಿಸಿಕೊಟ್ಟರೆ ಪುಣ್ಯ. ಕೊಳ್ಳುವ ಮೊದಲು ಯಾರಾದರೂ ಚುಕ್ಕಿಯ ಸ್ಕ್ಯಾನ್ ಹಾಕಿದ್ದಾರಾ ನೋಡಿ. ಕವರ್ ಮಾರುವ ಮಹಾನುಭಾವರು ಸ್ಲೀವ್ ಹರಿಯದಿರಲಿ ಎಂಬ ಕಾಳಜಿಯಿಂದ ಸ್ಲೀವ್‌ಗೇ ಪ್ಯಾಕಿಂಗ್ ಟೇಪ್ ಅಂಟಿಸಿ ಕಳಿಸುತ್ತಾರೆ. ಇನ್ನು 135 ಜಿಎಸ್‌ಎಮ್ (ಚದರ ಮೀಟರಿಗೆ ಗ್ರಾಂ ತೂಕ) ಆರ್ಟ್ ಪೇಪರ್ ಕೇಳಿದರೆ 170 ಕಟ್ಟಿಕೊಡುವ ಕಾಗದದವರು. 170 ಪೆಟ್ಟಿಗೆಯ ಪ್ಲಾಸ್ಟಿಕ್ ಜೇಬಿಗೆ ಸಲೀಸಾಗಿ ಜಾರುವುದಿಲ್ಲ, ಬೆನ್ನಿನ ಮಡಿಕೆಯಲ್ಲಿ ಶಾಯಿ ಬಿರುಕು ಬಿಡುತ್ತದೆ. ಇರುವುದರಲ್ಲೇ ಮಾಡಬೇಕೆಂದರೆ ಮಡಿಸುವ ಮುನ್ನ ಮೂಳೆ ಫೋಲ್ಡರ್‌ನಿಂದ (ಮಡಿಕೆ ಒತ್ತುವ ಚಪ್ಪಟೆ ಸಾಧನ) ಗೀರು ಹಾಕಿ, ಕಾಗದದ ನಾರು ಬೆನ್ನಿನ ಉದ್ದಕ್ಕೆ ಸಮನಾಗಿರಲಿ.

ಈ ಚುಕ್ಕಿ ಎಣಿಕೆಯಿಂದ ಇನ್ನೊಂದು ಬಾಗಿಲು ತೆರೆದಿದೆ, ನಿಜ ಹೇಳಬೇಕೆಂದರೆ ಈಗ ತಲೆಯೆಲ್ಲ ಅಲ್ಲೇ ಇದೆ. ಕಿಟಕಿ ಬಿಸಿಲಿಗೆ ನೀಲಿಗಟ್ಟಿದ ಕವರ್ ಬೆನ್ನುಗಳು ಎಲ್ಲರ ಹತ್ತಿರವೂ ಇವೆ. ಸಯಾನ್‌ನ ವರ್ಣದ್ರವ್ಯ ಥಾಲೊಸಯನೀನ್ ಮತ್ತು ಕಪ್ಪಿನ ಇಂಗಾಲ ಬಿಸಿಲಿಗೆ ಜಗ್ಗುವುದಿಲ್ಲ, ಹಳದಿ ಮತ್ತು ಮಜೆಂಟಾ ಮೊದಲು ಕೈಕೊಡುತ್ತವೆ. ಲೆವೆಲ್ಸ್ ಎಳೆದು ಬಣ್ಣ ತರುವ ಪ್ರಯತ್ನದಲ್ಲಿ ಬರುವುದು ಕೆಂಪು ಕೊಳೆ. ಆದರೆ ಬಿಸಿಲು ತಿನ್ನುವುದು ಶಾಯಿಯ ಗಾಢತೆಯನ್ನು, ಚುಕ್ಕಿಯ ಗಾತ್ರವನ್ನಲ್ಲ. ಮಾಸಿದ ಮಜೆಂಟಾದ ಡೆನ್ಸಿಟಿ 0.4ಕ್ಕೆ ಇಳಿದಿದ್ದರೂ ಚುಕ್ಕಿ ಎಣಿಸಲು ಬರುತ್ತದೆ; ಎಣಿಸುವಾಗ ಮಾಸಿದ ಸಂಖ್ಯೆ, ಮರಳಿ ಕಟ್ಟುವಾಗ ತಾಜಾ ಸಂಖ್ಯೆ ಕೊಟ್ಟರಾಯಿತು. ಥ್ರೆಶೋಲ್ಡ್ ಮಾತ್ರ ಬದಲಾಗುತ್ತದೆ, 0.4ಕ್ಕೆ ಅದು 0.39ರ ಹತ್ತಿರ. ಕೊನೆಯ ಬ್ಲರ್-ಅನುಪಾತದ ಹಂತ ಇಲ್ಲಿ ಬಿಡಬೇಕು, ಇಲ್ಲದಿದ್ದರೆ ತೆಗೆದ ನೀಲಿಯನ್ನೇ ಮತ್ತೆ ತಂದು ಹಾಕುತ್ತದೆ. ತಾಜಾ ಸಂಖ್ಯೆ ಎಲ್ಲಿಂದ ತರುವುದು ಅಂದರೆ, ರಟ್ಟಿನ ಪೆಟ್ಟಿಗೆಗಳಲ್ಲಿ ಒಳಗೆ ಮಡಿಸಿದ ಕಿವಿಗಳ ಮೇಲೂ ಬಣ್ಣ ಹರಿದಿರುತ್ತದೆ, ಅಲ್ಲಿಗೆ ಬಿಸಿಲು ತಲುಪಿರುವುದಿಲ್ಲ. ಹಳದಿ 0.1ಕ್ಕಿಂತ ಕೆಳಗಿಳಿದ ಬೆನ್ನುಗಳಲ್ಲಿ ಅದು ನಾಯ್ಸ್‌ನಲ್ಲಿ ಮುಳುಗುತ್ತದೆ. ಒಂದೇ ಜಾಗದ ಎಂಟು ಸ್ಕ್ಯಾನ್ ಸರಾಸರಿ ತೆಗೆದರೆ ನಾಯ್ಸ್ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯಬೇಕು, ಮುಂದಿನ ಪ್ರಯೋಗ ಅದೇ. ಗಾಜಿಗೆ ಹಿಡಿಯದ ದೊಡ್ಡ ಪೆಟ್ಟಿಗೆಗಳ ಎರಡು ಸ್ಕ್ಯಾನ್ ಹೊಲಿಯುವ ಕೆಲಸ ಅದರ ಆಚೆಗೆ. ಅದನ್ನು ಚುಕ್ಕಿ ತೆಗೆದ ನಂತರವೇ ಮಾಡಬೇಕು, ಮೊದಲೇ ಹೊಲಿದರೆ ಎರಡು ಭಾಗದ ಸ್ಕ್ರೀನ್ ಒಂದಕ್ಕೊಂದು ತಾಳ ತಪ್ಪಿ ಜೋಡಣೆಯ ಗೆರೆಯುದ್ದಕ್ಕೂ ಮತ್ತೆ ಮಚ್ಚೆ.