ಗಾಡಿ ತೊಳೀಲಾರದೆ ತರ್ರಿ

ಕಲಬುರಗಿಯಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಹೊಸ ಗಾಡಿಗಳು ಶೋರೂಮಿಗೆ ಹೋಗುತ್ತವೆ, ನನ್ನ ಹತ್ತಿರ ಬರುವುದು ಹಳೆಯವು: ಜಿಪ್ಸಿ, ಸುಮೊ, ಕ್ವಾಲಿಸ್, ಹಳೇ ಸಫಾರಿ, ಶುರುವಿನ ಸ್ಕಾರ್ಪಿಯೊ, ಮಹೀಂದ್ರ ಜೀಪು. ಇವುಗಳ ಮಾಲೀಕರದ್ದೇ ಒಂದು ಬಳಗ. ಐತಾರ ನಸುಕಿನಲ್ಲಿ ನಾಲ್ಕೈದು ಗಾಡಿ ಕೂಡಿ ಚಿಂಚೋಳಿ ಕಡೆ, ಸನ್ನತಿ ಕಡೆ, ಇಲ್ಲವೇ ಬೀದರಿನ ಕೆಮ್ಮಣ್ಣಿನ ದಾರಿಗೆ ಹೊರಡುತ್ತಾರೆ. ಮುಂದೆ ವಾರವಿಡೀ ನನ್ನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಅದೇ ಮಾತು. ಯಾರ ಗಾಡಿ ಎಲ್ಲಿ ಹೂತಿತು, ಯಾರು ಎಳೆದರು, ಯಾರು ಯಾವ ಟೈರ್ ಹಾಕಿಸಿದರು.

ಬಹಳ ವರ್ಷ ಈ ಮಾತಿಗೆ ನಾನು ಕಿವಿಗೊಡಲಿಲ್ಲ. ಕೈಯಲ್ಲಿ ಪಾನಾ ಇದ್ದಾಗ ಬಾಯಿಗೆ ಕೆಲಸವಿಲ್ಲ ಎಂದು ಕಲಿತು ಬೆಳೆದವನು ನಾನು. ಅದು ತಪ್ಪೆಂದು ತೋರಿಸಿದ್ದು ಒಬ್ಬ ಮಾಸ್ತರರ ಜಿಪ್ಸಿ.

1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್ ಅದು. ಹಿಂದಿನ ಎಡ ಚಕ್ರದಲ್ಲಿ ಎಣ್ಣೆ ಸೋರುತ್ತಿತ್ತು. ಡ್ರಮ್ ಬಿಚ್ಚಿದರೆ ಬ್ರೇಕ್ ಶೂ ಗೇರ್ ಎಣ್ಣೆಯಲ್ಲಿ ನೆನೆದು ಕರ್ರಗೆ ಹೊಳೆಯುತ್ತಿತ್ತು. ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್ ಬದಲಿಸಿದೆ, ಶೂ ಬದಲಿಸಿದೆ. ಎರಡು ತಿಂಗಳಿಗೆ ಮತ್ತೆ ಬಂತು. ಸೀಲೇ ಖರಾಬು ಇರಬೇಕೆಂದು ಬೇರೆ ಅಂಗಡಿಯಿಂದ ತರಿಸಿ ಹಾಕಿದೆ. ಮೂರನೇ ಸಲ ಬಂದಾಗ ಮಾಸ್ತರರ ಮುಖ ನೋಡಲು ನನಗೆ ಸಂಕಟವಾಯಿತು. ಹಿಂದಿನ ಬ್ರೇಕ್ ಹಿಡಿಯದ ಗಾಡಿಯಲ್ಲಿ ಆ ಮನುಷ್ಯ ಮಕ್ಕಳನ್ನು ಕೂರಿಸಿಕೊಂಡು ತಿರುಗಿದ್ದರು.

"ಉಸ್ತಾದ್, ಮತ್ತ ಅದೇ ತ್ರಾಸು ಅದ ನೋಡ್ರಿ. ಈ ಸಲ ಸೀದಾ ಇಲ್ಲಿಗೇ ಬಂದೀನಿ, ಗಾಡಿ ತೊಳಿಯಾಕೂ ಆಗಿಲ್ಲ" ಎಂದರು.

ಹಿಂದಿನ ಎರಡು ಸಲವೂ ಅವರು ಗಾಡಿಯನ್ನು ಅಡಿಯ ತನಕ ತೊಳೆಸಿ ತಂದಿದ್ದರು. ಮಿಸ್ತ್ರಿಯ ಕೈ ಕೆಸರಾಗಬಾರದೆಂಬ ಮರ್ಯಾದೆ ಅದು. ಈ ಸಲ ಕೆಳಗೆ ತೂರಿ ಟಾರ್ಚ್ ಹಿಡಿದರೆ ಹಿಂದಿನ ಆಕ್ಸಲಿನ ಕವಚ, ಅಂದರೆ ಹೌಸಿಂಗಿನ ಮೇಲೆ ಎರೆ ಮಣ್ಣು ರೊಟ್ಟಿಯ ದಪ್ಪ ಕೂತು ಒಣಗಿತ್ತು. ಸ್ಕ್ರೂಡ್ರೈವರಿನಿಂದ ಒಂದು ಹೆಂಟೆ ಕಿತ್ತೆ. ಅದರಡಿ ಬೆರಳಿನ ತುದಿಯಷ್ಟು ಬ್ರೀದರ್ ಇತ್ತು, ಹೌಸಿಂಗಿನ ಗಾಳಿ ಒಳಗೆ ಹೊರಗೆ ಆಡುವ ತೂತು ಅದು. ಬಾಯಿ ಪೂರಾ ಕಟ್ಟಿತ್ತು. ಊದಿ ನೋಡಿದೆ, ಉಸಿರು ಆಡಲಿಲ್ಲ. ಎರೆ ಮಣ್ಣು ಹಸಿಯಿದ್ದಾಗ ಉಬ್ಬುತ್ತದೆ, ಒಣಗಿದರೆ ಕಲ್ಲಿನಂತೆ ಬಿಗಿಯುತ್ತದೆ. ಒಮ್ಮೆ ಆ ತೂತಿನೊಳಗೆ ಹೋದರೆ ಹೊರಗಿನಿಂದ ಎಷ್ಟು ನೀರು ಬಿಟ್ಟರೂ ಅದು ಬಿಡುವುದಿಲ್ಲ.

ಆಗ ಮೊದಲ ಸಲ ಕೇಳಿದೆ: "ಎಲ್ಲಿಗಿ ಹೋಗಿದ್ರಿ ಮಾಸ್ತರ್ರ?"

ಪಾಪ, ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಹೇಳಿದರು. ಚಿಂಚೋಳಿಯಾಚೆ ಒಂದು ತಾಂಡಾದ ದಾರಿ. ಮಳೆಯಾದ ಹೊಲದ ಅಂಚಿನಲ್ಲಿ ಫೋರ್ ವ್ಹೀಲ್ ಹಾಕಿಕೊಂಡು ಮೂರು ಕಿಲೋಮೀಟರ್. ಆಮೇಲೆ ಒಂದು ತಾಸು ಡಾಂಬರು ರಸ್ತೆಯಲ್ಲಿ ಜೋರಾಗಿ ಓಡಿಸಿ, ನಿಲ್ಲಿಸದೆ ಸೀದಾ ಹಳ್ಳಕ್ಕೆ ಇಳಿಸಿದ್ದಾರೆ. ನೀರು ಚಕ್ರದ ಅರ್ಧಕ್ಕೆ ಬಂದಿತ್ತಂತೆ.

ರೋಗ ಅಲ್ಲೇ ಇತ್ತು. ಓಡುವಾಗ ಹೌಸಿಂಗಿನೊಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಹೋಗಲು ಬ್ರೀದರ್ ಇಲ್ಲದಿದ್ದರೆ ಎಣ್ಣೆಯನ್ನು ಸೀಲಿನ ತುಟಿ ದಾಟಿಸಿ ಡ್ರಮ್ಮಿಗೆ ನೂಕುತ್ತದೆ. ಕಾದ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಅದೇ ಸೀಲಿನಿಂದ ನೀರನ್ನು ಒಳಕ್ಕೆ ಹೀರುತ್ತದೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣದ ಎಣ್ಣೆ ಬಟ್ಟಲಿಗೆ ಇಳಿಯಿತು. ನೀರು ಕೂಡಿದ ಎಣ್ಣೆಯಲ್ಲಿ ಬೇರಿಂಗು, ಆಕ್ಸಲಿನೊಳಗಿನ ಕ್ರೌನ್ ಗೇರಿನ ಹಲ್ಲು ಎರಡೂ ಬಹಳ ದಿನ ಬಾಳುವುದಿಲ್ಲ. ಸೀಲಿನದು ಏನೂ ತಪ್ಪಿರಲಿಲ್ಲ. ಅವರ ಮಾತು ಮೊದಲೇ ಕೇಳಿದ್ದರೆ ಅವರ ರೊಕ್ಕವೂ ಉಳಿಯುತ್ತಿತ್ತು.

ಬ್ರೀದರ್ ತೆಗೆದು, ಆ ಜಾಗದಿಂದ ಎಣ್ಣೆ ತಡೆಯುವ ರಬ್ಬರ್ ಹೋಸ್ ಎಳೆದು, ಅದರ ಬಾಯಿಯನ್ನು ಬಾಡಿಯ ಒಳಮೂಲೆಯಲ್ಲಿ ಎತ್ತರಕ್ಕೆ ಕೆಳಮುಖವಾಗಿ ಕಟ್ಟಿದೆ. ಮುಂದಿನ ಆಕ್ಸಲಿಗೂ ಹಾಗೇ ಮಾಡಿದೆ. ಹಳೇ ಗಾಡಿಗೆ ಏನು ಹಾಕಿಸಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಇದನ್ನು ಫೋಟೋ ತೆಗೆದು ಯಾರಿಗೂ ತೋರಿಸಲಾಗದು, ಅದಕ್ಕೇ ಬಹಳ ಮಂದಿ ಟೈರಿನಿಂದ ಶುರು ಮಾಡುತ್ತಾರೆ.

ಟೈರಿನ ಲೆಕ್ಕವೂ ಹೇಳುತ್ತೇನೆ. ಜಿಪ್ಸಿ ಕಿಂಗ್‌ಗೆ ಕಂಪನಿಯ ಟೈರ್ 205/70, 15 ಇಂಚಿನ ರಿಮ್. ಅದಕ್ಕೆ 235/75 ಹಾಕಿದರೆ ಚಕ್ರದ ಎತ್ತರ ಸುಮಾರು 668 ಮಿಲಿಮೀಟರಿನಿಂದ 733ಕ್ಕೆ ಏರುತ್ತದೆ. ಮೀಟರ್ 80 ತೋರಿಸುವಾಗ ಗಾಡಿ ನಿಜಕ್ಕೂ 88ರ ಹತ್ತಿರ ಇರುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಒಬ್ಬರ ಜೀಪಿಗೆ ಬೇರೆಲ್ಲೋ ಉದ್ದನೆಯ ಶ್ಯಾಕಲ್, ಅಂದರೆ ಸ್ಪ್ರಿಂಗ್ ಪಟ್ಟಿ ಹಿಡಿಯುವ ಕೊಂಡಿ, ಹಾಕಿ ಎತ್ತರಿಸಿದ್ದರು. ನೋಡಲು ಚೆಂದವೇ ಇತ್ತು. ಜಾಕ್ ಕೊಟ್ಟು ಚಕ್ರ ಪೂರಾ ಇಳಿಬಿಟ್ಟಾಗ ಬ್ರೇಕ್ ಹೋಸ್ ತಂತಿಯಂತೆ ಬಿಗಿದು ನಿಂತಿತು. ತೆಗ್ಗಿನಲ್ಲಿ ಇನ್ನೊಂದು ಜೋಲಿ ಹೊಡೆದಿದ್ದರೆ ಕಿತ್ತೇ ಬರುತ್ತಿತ್ತು. ಎತ್ತರಿಸಿದ ಗಾಡಿ ಯಾರದೇ ಇರಲಿ, ಈಗ ಹೀಗೆ ಚಕ್ರ ಇಳಿಬಿಟ್ಟು ನೋಡದೆ ಕಳಿಸುವುದಿಲ್ಲ.

ಕಾನೂನಿನ ಮಾತು ಸಣ್ಣದು, ಆದರೆ ಬಿಡುವಂತಿಲ್ಲ. ಆರ್‌ಸಿಯಲ್ಲಿ ಇರುವ ಕಂಪನಿಯ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು. ಬಿಚ್ಚಿದ ಕಂಪನಿಯ ಸಾಮಾನು ಗುಜರಿಗೆ ಹಾಕಬೇಡಿ, ಆಗ ಬೇಕಾಗುತ್ತದೆ.

ಈಗ ನನ್ನ ರಿಜಿಸ್ಟರಿನಲ್ಲಿ ಕಿಲೋಮೀಟರಿನ ಪಕ್ಕ ಇನ್ನೊಂದು ಖಾನೆ ಇದೆ: ಎಲ್ಲಿಗೆ ಹೋಗಿತ್ತು. ಹುಡುಗರಿಗೂ ಮಣ್ಣು ಓದುವುದು ಕಲಿಸಿದ್ದೇನೆ. ಕರೇ ಹೆಂಟೆ ಇದ್ದರೆ ಜೇವರ್ಗಿ, ಚಿತ್ತಾಪುರದ ಹೊಲದ ಕಡೆಯದು, ಬ್ರೀದರ್ ಮತ್ತು ಬ್ರೇಕ್ ನೋಡಬೇಕು. ಕೆಂಪು ಧೂಳು ಇದ್ದರೆ ಬೀದರಿನದು, ಮೊದಲು ಏರ್ ಫಿಲ್ಟರ್ ಬಿಚ್ಚಬೇಕು. ಬೂದಿಯಂಥ ಬಿಳಿ ಪುಡಿ ಶಹಾಬಾದಿನ ಕಲ್ಲು ಗಣಿ ಕಡೆಯದು. ನೀರಿನಲ್ಲಿ ಬಂದ್ ಬಿದ್ದಿತ್ತೇ ಎಂದು ಕೇಳದೆ ಯಾರೂ ಚಾವಿ ತಿರುಗಿಸುವಂತಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಒತ್ತಿದರೂ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಸ್ಕಾರ್ಪಿಯೊ ಮಾಲೀಕರು ತುಂಬಿ ಹರಿಯುತ್ತಿದ್ದ ನೀರಿನಲ್ಲೇ ಮೂರು ಸಲ ಸೆಲ್ಫ್ ಹೊಡೆದು ಎಂಜಿನ್ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾಸ್ತರರ ಜಿಪ್ಸಿ ಎರಡು ಮಳೆಗಾಲ ದಾಟಿದೆ, ಸೀಲ್ ಅದೇ ಇದೆ. ಹೋದ ತಿಂಗಳು ಟೈರ್ ಪಂಕ್ಚರ್ ಆಗಿ ಬಂದರು. ಪಕ್ಕದ ಗೋಡೆಯಲ್ಲಿ ಕೊಯ್ದ ತೊಗರಿಯ ಕೂಳೆ ಚುಚ್ಚಿ, ಅರ್ಧ ಮುರಿದು ಒಳಗೇ ನಿಂತಿತ್ತು. ಮೆತ್ತನೆ ನೆಲಕ್ಕೆಂದು ಗಾಳಿ ಇಳಿಸಿ, ಅದೇ ಟೈರಿನಲ್ಲಿ ಹೊಲದ ಅಂಚಿನಲ್ಲಿ ನಡೆಸಿದ್ದರು. ಗಾಳಿ ಕಡಿಮೆಯಾದ ಟೈರಿನ ಹೊಟ್ಟೆ ಹೊರಕ್ಕೆ ಉಬ್ಬಿರುತ್ತದೆ, ಕೂಳೆಗೆ ಸಿಗುವುದು ಅದೇ. ಗಾಡಿ ಈ ಸಲವೂ ತೊಳೆದಿರಲಿಲ್ಲ. ಹುಡುಗ ಇಕ್ಕಳದಿಂದ ಆ ಕಡ್ಡಿ ಎಳೆದು ಬೆಂಚಿನ ಮೇಲೆ ಇಟ್ಟ, ರಿಜಿಸ್ಟರ್ ತೆಗೆದು ಅವರನ್ನು ಕೇಳಿದ: "ಯಾವ ಊರ ಹೊಲರಿ ಸರ್?"